ಮಾರ್ಪಡಿಸಿಕೊಂಡ ಲ್ಯಾಪ್‌ಟಾಪ್, ಮನೆಗೆ ಬಂದ ಟೆಕ್ನಿಷಿಯನ್

ನನ್ನ ಲ್ಯಾಪ್‌ಟಾಪ್ ಕಂಪನಿಯಿಂದ ಬಂದ ಹಾಗೆ ಉಳಿದಿಲ್ಲ. ಕೊಂಡಾಗ ಅದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಇತ್ತು. ಈಗ 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್, 1 ಟಿಬಿ ಎಸ್‌ಎಸ್‌ಡಿ, ವಿಂಡೋಸ್ ಬದಲು ಡೆಬಿಯನ್ 12 ಅನ್ನುವ ಲಿನಕ್ಸ್ ಇದೆ. ಡಿಸ್ಕ್ ಪೂರ್ತಿ, ಕೀ ಇಲ್ಲದೆ ಓದಲಾಗದ ಹಾಗೆ, ಎನ್‌ಕ್ರಿಪ್ಟ್ ಆಗಿದೆ. ಹೋದ ವರ್ಷ ಫ್ಯಾನ್ ಸದ್ದು ಜಾಸ್ತಿಯಾದಾಗ, ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿ, ಹಳೆಯ ಪೇಸ್ಟ್ ಒರೆಸಿ, ಬಿಸಿಗೆ ಕರಗಿ ಹರಡುವ ತೆಳು ಥರ್ಮಲ್ ಶೀಟ್ ಹಾಕಿದ್ದೆ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಇದೆ. ಕೆಳಗಿನ ಒಂದು ರಬ್ಬರ್ ಕಾಲು ಕಿತ್ತು ಹೋಗಿ, ಬೇರೆ ಅಂಟಿಸಿದ್ದೇನೆ.

ಇಷ್ಟೆಲ್ಲ ಮಾಡಿದ್ದಕ್ಕೆ ಕಾರಣ ನನ್ನ ಕೆಲಸ. ಸಾಗರದಲ್ಲಿ ಮನೆಯಿಂದಲೇ ಕನ್ನಡ ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ಹೊಸ ಪುಸ್ತಕಗಳು ಯುನಿಕೋಡ್‌ನಲ್ಲಿ ಬರುತ್ತವೆ. ಮರುಮುದ್ರಣಕ್ಕೆ ಬರುವವು ಮಾತ್ರ ಹಳೆಯ ಪೇಜ್‌ಮೇಕರ್ ಫೈಲುಗಳು, ಅದರೊಳಗೆ ಯುನಿಕೋಡ್ ಅಲ್ಲದ ನುಡಿ ಫಾಂಟ್. ಅವನ್ನು ತೆರೆಯಲು ವಿಂಡೋಸ್ ಬೇಕೇ ಬೇಕು. ಹಾಗಾಗಿ ಡೆಬಿಯನ್ ಒಳಗೆ, ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್‌ಬಾಕ್ಸ್, ಅದರೊಳಗೆ ವಿಂಡೋಸ್. 8 ಜಿಬಿಯಲ್ಲಿ ಇದು ಉಸಿರು ಕಟ್ಟಿಕೊಂಡು ಓಡುತ್ತಿತ್ತು. 32 ಜಿಬಿ ಆದ ಮೇಲೆ ಎರಡೂ ಆರಾಮಾಗಿ ನಡೆಯುತ್ತವೆ.

ಮೂರು ವರ್ಷದ ಆನ್‌ಸೈಟ್ ವಾರಂಟಿಯಲ್ಲಿ ಇನ್ನೂ ಎಂಟು ತಿಂಗಳು ಬಾಕಿ ಇತ್ತು. ಅಷ್ಟರಲ್ಲಿ ಈ ಜುಲೈನಲ್ಲಿ ಚಾರ್ಜಿಂಗ್ ಕೈಕೊಟ್ಟಿತು.

ಸೋಮವಾರ: ತೊಂದರೆ ಎಲ್ಲಿದೆ?

ಮೊದಲು ಕಂಡಿದ್ದು ಇಷ್ಟೇ. ಕೇಬಲ್ ಚುಚ್ಚಿದರೆ ಒಮ್ಮೆ ಚಾರ್ಜ್ ಆಗುತ್ತದೆ, ಒಮ್ಮೆ ಇಲ್ಲ. ಚಾರ್ಜರ್ ಕೆಟ್ಟಿರಬೇಕು ಅಂದುಕೊಂಡು ಮನೆಯವರ 65 ವ್ಯಾಟ್ ಚಾರ್ಜರ್ ಹಾಕಿದೆ. ಅದೇ ಕತೆ. ಕೇಬಲ್ ಬದಲಿಸಿದೆ. ಅದೇ ಕತೆ. ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೇ ಬೂಸ್ಟು ಹಿಡಿಯುತ್ತದೆ, ಪೋರ್ಟ್ ಒಳಗೆ ತೇವ ಕೂತಿರಬಹುದು ಅನ್ನಿಸಿತು. ಮಷಿನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪೋರ್ಟ್ ಮೆಲ್ಲಗೆ ಒರೆಸಿ, ಒಂದು ಗಂಟೆ ಒಣಗಲು ಬಿಟ್ಟೆ. ಏನೂ ಬದಲಾಗಲಿಲ್ಲ.

ಆಮೇಲೆ ಟೈಪ್-ಸಿ ಮೀಟರ್ ತೆಗೆದೆ. ಕೇಬಲ್ ಮತ್ತು ಲ್ಯಾಪ್‌ಟಾಪ್ ನಡುವೆ ಚುಚ್ಚುವ, ಬೆರಳುದ್ದದ ಸಾಮಾನು ಅದು. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಚುಚ್ಚಿದಾಗ ಮೊದಲು 5 ವೋಲ್ಟ್ ಬಂತು, ಕ್ಷಣದಲ್ಲಿ 20ಕ್ಕೆ ಏರಿತು. ಸರಿ ಇದೆಯಲ್ಲ! ಅದೇ ಪ್ಲಗ್ ತೆಗೆದು, ತಿರುಗಿಸಿ ಚುಚ್ಚಿದೆ. ಮೀಟರ್‌ನ ಪರದೆ ಹೊತ್ತಿಕೊಳ್ಳಲೇ ಇಲ್ಲ. ಹತ್ತು ಸಲ ಮಾಡಿ ನೋಡಿದೆ. ಒಂದು ಮಗ್ಗುಲಲ್ಲಿ ಪ್ರತಿ ಸಲವೂ 20 ವೋಲ್ಟ್, ಇನ್ನೊಂದು ಮಗ್ಗುಲಲ್ಲಿ ಪ್ರತಿ ಸಲವೂ ಕತ್ತಲೆ.

ಟೈಪ್-ಸಿ ಪ್ಲಗ್ಗನ್ನು ಯಾವ ಕಡೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ ಅಲ್ವಾ? ಅದು ಹೇಗೆ ಅಂದರೆ, ಪೋರ್ಟ್‌ನ 24 ಪಿನ್‌ಗಳಲ್ಲಿ ಸಿಸಿ1, ಸಿಸಿ2 ಅಂತ ಎರಡು ಇವೆ. ಕೇಬಲ್‌ನಲ್ಲಿ ಸಿಸಿ ತಂತಿ ಒಂದೇ. ಅದು ಯಾವ ಪಿನ್‌ಗೆ ತಾಗಿತು ಅನ್ನುವುದರ ಮೇಲೆ ಪ್ಲಗ್ ಯಾವ ಕಡೆ ತಿರುಗಿದೆ ಅಂತ ಮಷಿನ್‌ಗೆ ಗೊತ್ತಾಗುತ್ತದೆ. ಎಷ್ಟು ವೋಲ್ಟ್ ಬೇಕು ಅಂತ ಚಾರ್ಜರ್ ಜೊತೆ ಮಾತುಕತೆ ನಡೆಯುವುದೂ ಅದೇ ತಂತಿಯ ಮೇಲೆ. ಈ ತಂತಿಯ ಆಚೆ ತುದಿಯಲ್ಲಿ ಯಾರೋ ಇದ್ದಾರೆ ಅಂತ ಖಾತ್ರಿ ಆಗುವವರೆಗೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ. ಹಾಗಾಗಿ ಒಂದು ಮಗ್ಗುಲಲ್ಲಿ ಮಾತ್ರ ಪೂರ್ತಿ ಕತ್ತಲೆ ಅಂದರೆ ಆ ಕಡೆಯ ಸಿಸಿ ಪಿನ್ ಸಂಪರ್ಕ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಈ ಮಷಿನ್‌ನಲ್ಲಿ ಚಾರ್ಜ್ ಆಗುವ ಪೋರ್ಟ್ ಒಂದೇ, ಅದೂ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದು. ವಾರಂಟಿಯಲ್ಲಿ ಪೋರ್ಟ್ ಒಂದನ್ನೇ ಬದಲಿಸಿ ಕೊಡುವುದಿಲ್ಲ, ಬೋರ್ಡನ್ನೇ ಬದಲಿಸುತ್ತಾರೆ.

ಎರಡೂ ಮಗ್ಗುಲಿನ ಮೀಟರ್ ಫೋಟೊ ತೆಗೆದಿಟ್ಟುಕೊಂಡೆ. ಇಡೀ ರಿಪೇರಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಆ ಎರಡು ಫೋಟೊಗಳು.

ಮಂಗಳವಾರ: ಫೋನ್

ಕಾಲ್ ಸೆಂಟರ್‌ಗೆ ಫೋನ್ ಮಾಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ನಾನೇ ಬಿಚ್ಚಿ ಏನೇನೋ ಬದಲಿಸಿದ್ದೇನೆ ಅಂತ ಹೇಳಿದರೆ ವಾರಂಟಿ ಇಲ್ಲ ಅಂದುಬಿಟ್ಟರೆ? ಆದರೂ ಮುಚ್ಚಿಡುವುದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಾಳೆ ಬರುವವರು ಮುಚ್ಚಳ ತೆಗೆದ ಕೂಡಲೇ ಎಲ್ಲ ಕಾಣುತ್ತದೆ. ಹೇಳದೆ ಇಟ್ಟರೆ ಸಿಕ್ಕಿಬೀಳುವವರು ಅವರು. ತಮ್ಮ ರಿಪೋರ್ಟಿನಲ್ಲಿ ಏನು ಬರೆಯಬೇಕು ಅಂತ ಅವರೇ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ, ಥರ್ಮಲ್ ಶೀಟ್, ಮೂರನ್ನೂ ಹೇಳಿದೆ. ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಲೈನಿನಲ್ಲಿ ಕಾಯಿಸಿದರು. ವಾಪಸ್ ಬಂದು ಹೇಳಿದ ಮಾತು ನ್ಯಾಯವಾಗಿತ್ತು. ಗ್ರಾಹಕರೇ ಸೇರಿಸಿದ ಬಿಡಿಭಾಗಕ್ಕೆ ವಾರಂಟಿ ಇಲ್ಲ, ಅದರಿಂದಲೇ ಹಾಳಾಗಿದ್ದರೂ ಇಲ್ಲ. ಮೂಲ ಪಾರ್ಟ್ ಹಾಕಿ ನೋಡಿದ ಮೇಲೂ ತೊಂದರೆ ಉಳಿದರೆ ರಿಪೇರಿ ಮಾಡಿ ಕೊಡುತ್ತಾರೆ. ಥರ್ಮಲ್ ಶೀಟಿನ ಬಗ್ಗೆ ಟೆಕ್ನಿಷಿಯನ್ ನೋಡಿ ಬರೆಯುತ್ತಾರೆ ಅಂದರು. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಅಂತಲೂ ಒಂದು ಸಲಹೆ ಬಂತು. ಮಷಿನ್ ಆಫ್ ಇದ್ದಾಗಲೂ ಮೀಟರ್ ಹೊತ್ತಿಕೊಳ್ಳುವುದಿಲ್ಲ ಅಂತ ವಿವರಿಸಿ ಫೋಟೊ ಕಳಿಸಿದೆ. ಆ ಮಾತು ಅಲ್ಲಿಗೇ ನಿಂತಿತು.

ಮೂಲ ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ನಾನು ಬಿಸಾಕಿರಲಿಲ್ಲ. ಹೊಸ ಎಸ್‌ಎಸ್‌ಡಿಯ ಡಬ್ಬಿಯಲ್ಲೇ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರುವಿನಲ್ಲಿ ಇಟ್ಟಿದ್ದೆ.

ಬಿಚ್ಚುವ ಮೊದಲು ಬ್ಯಾಕಪ್. ಕೆಲಸದ ಫೈಲುಗಳೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಹೋದವು. ಎನ್‌ಕ್ರಿಪ್ಟ್ ಆದ ಭಾಗದ ಹೆಡರ್, ಅಂದರೆ ಬೀಗದ ಮಾಹಿತಿ ಇರುವ ತಲೆಭಾಗವನ್ನೂ ಬೇರೆ ಪೆನ್‌ಡ್ರೈವಿಗೆ ತೆಗೆದೆ. ಆ ಹೆಡರ್ ಹಾಳಾದರೆ ಪಾಸ್‌ಫ್ರೇಸ್ ಗೊತ್ತಿದ್ದರೂ ಡಿಸ್ಕ್ ತೆರೆಯುವುದಿಲ್ಲ. ನನ್ನ ಮಷಿನ್ ದಿನವೂ ಪಾಸ್‌ಫ್ರೇಸ್ ಕೇಳುವುದಿಲ್ಲ. ಬೋರ್ಡಿನ ಟಿಪಿಎಂ ಚಿಪ್ ಬೀಗ ತೆಗೆದುಕೊಡುತ್ತದೆ. ಬೋರ್ಡ್ ಬದಲಾದರೆ ಆ ಚಿಪ್ಪೂ ಹೋಗುತ್ತದೆ. ಆರು ತಿಂಗಳಿಂದ ಕೈಯಿಂದ ಹೊಡೆಯದ ಪಾಸ್‌ಫ್ರೇಸ್ ನಿಜವಾಗಿ ನೆನಪಿದೆಯಾ ಅಂತ ಟರ್ಮಿನಲ್‌ನಲ್ಲಿ ಪರೀಕ್ಷೆ ಮಾಡಿ ನೋಡಿದೆ. ಮೊದಲ ಸಲ ತಪ್ಪಿತು, ಎರಡನೇ ಸಲ ಸರಿಯಾಯಿತು. ಆಮೇಲೆ ನನ್ನ ಪಾರ್ಟುಗಳನ್ನು ತೆಗೆದು ಹಳೆಯವನ್ನು ಕೂರಿಸಿದೆ. ಮೀಟರ್ ಮತ್ತೆ ಅದೇ ಉತ್ತರ ಕೊಟ್ಟಿತು. ನನ್ನ ಪಾರ್ಟುಗಳ ತಪ್ಪಿಲ್ಲ ಅಂತ ಖಚಿತವಾಯಿತು.

ಕೆಲಸದ ಡಿಸ್ಕ್ ಬೀರು ಸೇರಿತು. ಬೇರೆಯವರು ಬರೆದ ಪುಸ್ತಕಗಳು ಅದರಲ್ಲಿವೆ, ಇನ್ನೂ ಪ್ರಕಟವಾಗದವೂ ಇವೆ. ಮಷಿನ್ ಯಾರ ಕೈಗೆ ಹೋದರೂ ಆ ಡಿಸ್ಕ್ ಮನೆಯಲ್ಲೇ ಇರಬೇಕು ಅನ್ನುವುದು ನನ್ನ ಹಟ.

ಶುಕ್ರವಾರ: ಬೋರ್ಡ್ ಬಂತು

ದೊಡ್ಡ ಊರುಗಳಲ್ಲಿ ಮಾರನೇ ದಿನವೇ ಬರುತ್ತಾರಂತೆ. ನಮ್ಮಲ್ಲಿಗೆ ಬೋರ್ಡ್ ಮೊದಲು ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಟೆಕ್ನಿಷಿಯನ್ ಜೊತೆ ಸುಮಾರು 70 ಕಿಲೋಮೀಟರ್ ಬರಬೇಕು. ಅಷ್ಟರಲ್ಲಿ ಸರಿ ಇದ್ದ ಮಗ್ಗುಲೂ ಸತ್ತು, ಬ್ಯಾಟರಿ ಖಾಲಿಯಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಮಳೆಯಲ್ಲಿ ತೊಯ್ದ ರೇನ್‌ಕೋಟಿನಲ್ಲಿ ಒಬ್ಬ ಹುಡುಗ ಬಾಗಿಲಿಗೆ ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು, ಆದರೆ ಬೋರ್ಡಿನ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜತನವಾಗಿ ತಂದಿದ್ದರು. ಅತ್ತೆ ಟವೆಲ್ ಕೊಟ್ಟು, "ಮೊದಲು ತಲೆ ಒರೆಸ್ಕೋ ತಮ್ಮಾ, ಕೆಲಸ ಆಮೇಲೆ" ಅಂದರು.

ಊಟದ ಟೇಬಲ್ ಖಾಲಿ ಮಾಡಿ, ಓದುವ ದೀಪ ತಂದಿಟ್ಟೆ. ಸ್ಕ್ರೂ ಹಾಕಿಡಲು ಇಡ್ಲಿ ತಟ್ಟೆ ಕೊಟ್ಟೆ. ಒಂದೊಂದು ಕುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ. ಇಡ್ಲಿ ತಟ್ಟೆಗೆ ತೂತು ಇರುತ್ತದೆ, ಸಣ್ಣ ಸ್ಕ್ರೂ ಕೆಳಗೆ ಬಿದ್ದುಹೋಗುತ್ತದೆ, ಅದಕ್ಕೇ ಪ್ರತಿ ಕುಳಿಗೂ ಒಂದು ಬಟ್ಟೆ ಚೂರು ಹಾಸಿದ್ದೆ. ಅವರಿಗೆ ಅದು ಇಷ್ಟವಾಗಿ ಫೋಟೊ ತೆಗೆದುಕೊಂಡರು.

ಮುಚ್ಚಳ ತೆಗೆಯುವ ಮೊದಲು ಇನ್ನೊಂದು ಸಲ ಎಲ್ಲ ಹೇಳಿದೆ. "ಹೀಟ್‌ಸಿಂಕ್ ನಾನೇ ಬಿಚ್ಚಿದ್ದೆ, ಪೇಸ್ಟ್ ಬದಲು ಶೀಟ್ ಇದೆ. ಈಗ ಇರೋ ರ‍್ಯಾಮ್, ಎಸ್‌ಎಸ್‌ಡಿ ಕಂಪನಿಯವು."

"ಒಳ್ಳೇದಾಯ್ತು ಮೇಡಂ, ಹೇಳಿದ್ದು. ಹೇಳದೇ ಇದ್ರೆ ನಾನು ಸ್ಕ್ರೂ ಮೇಲಿನ ಗುರುತು ನೋಡಿ ಯೋಚನೆ ಮಾಡ್ತಾ ಕೂರ್ತಿದ್ದೆ."

ಕೆಳಗಿನ ಮುಚ್ಚಳದ ಸ್ಕ್ರೂ ಸಡಿಲಿಸಿ, ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಎಳೆದರು. ಟಕ್ ಟಕ್ ಅಂತ ಕ್ಲಿಪ್ಪುಗಳು ಬಿಟ್ಟವು. ಮೊದಲು ತೆಗೆದಿದ್ದು ಬ್ಯಾಟರಿಯ ಕನೆಕ್ಟರ್. ಬ್ಯಾಟರಿ ಖಾಲಿ ಇದ್ದರೂ ಅದನ್ನೇ ಮೊದಲು ತೆಗೆಯಬೇಕು. ಆಮೇಲೆ ಟಾರ್ಚ್ ಹಿಡಿದು ಬೋರ್ಡ್ ಪೂರ್ತಿ ನೋಡಿದರು. ನೀರು ಬಿದ್ದ ಗುರುತು, ಹಸಿರು ಹಿಡಿದ ಪಿನ್, ಸುಟ್ಟ ಕಲೆ ಇದೆಯಾ ಅಂತ. ಈ ಮಳೆಯ ಸೀಮೆಯಲ್ಲಿ ಹಸಿರು ಹಿಡಿಯುವುದು ಮಾಮೂಲಂತೆ. ನನ್ನ ಬೋರ್ಡ್ ಸ್ವಚ್ಛ ಇತ್ತು. ಪೋರ್ಟನ್ನು ಉಗುರಿನಿಂದ ಒತ್ತಿದರೆ ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಬೆಸುಗೆ ಬಿಟ್ಟಿತ್ತು.

ಅವರ ಕೈ ಓಡುವುದನ್ನು ನೋಡುವುದೇ ಒಂದು ಪಾಠ. ವೈಫೈ ಕಾರ್ಡಿನ ಆಂಟೆನಾ ತಂತಿಗಳ ಗುಂಡಿ ಎಳ್ಳಿನಷ್ಟು ಚಿಕ್ಕದು. ಅದನ್ನು ತಂತಿ ಹಿಡಿದು ಎಳೆಯಲಿಲ್ಲ, ತಲೆಯ ಕೆಳಗೆ ಉಗುರು ಕೊಟ್ಟು ನೇರ ಮೇಲಕ್ಕೆ ಎತ್ತಿದರು. ಕೀಬೋರ್ಡ್, ಟಚ್‌ಪ್ಯಾಡ್ ಪಟ್ಟಿಗಳ ಬೀಗ ಯಾವ ಕಡೆ ಏಳುತ್ತದೆ ಅಂತ ನೋಡಿಯೇ ಮುಟ್ಟಿದರು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚಾಗಿರುತ್ತದೆ. ಹಾಕುವಾಗ ಆ ಸಂಖ್ಯೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ತೆಗೆಯುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು.

ನನ್ನ ಥರ್ಮಲ್ ಶೀಟ್ ಚೆನ್ನಾಗಿ ಹರಡಿಕೊಂಡಿತ್ತು. ಉಳಿದ ಒಂದು ಚೂರು ನನ್ನ ಹತ್ತಿರ ಇತ್ತು. ಹೊಸ ಬೋರ್ಡಿಗೂ ಅದನ್ನೇ ಹಾಕಬಹುದಾ ಅಂತ ಕೇಳಿದೆ. ಕಿಟ್‌ನಲ್ಲಿ ಬಂದ ಪೇಸ್ಟ್ ಮಾತ್ರ ಹಾಕಬೇಕು, ಬೇರೆ ಹಾಕಿದರೆ ನಾಳೆ ಜವಾಬ್ದಾರಿ ತಮ್ಮ ಮೇಲೆ ಬರುತ್ತದೆ ಅಂದರು. ಸರಿ ಅಂದೆ. ಅವರ ಕೆಲಸದ ಮೇಲೆ ಅವರ ಸಹಿ ಇರುತ್ತದೆ. ನನ್ನ ಇಷ್ಟಕ್ಕಾಗಿ ಅವರು ನಿಯಮ ಮುರಿಯುವುದು ನನಗೂ ಬೇಕಿರಲಿಲ್ಲ.

ಎಲ್ಲ ಜೋಡಿಸಿ ಪವರ್ ಬಟನ್ ಒತ್ತಿದಾಗ ಪರದೆ ಕಪ್ಪು. ಅರ್ಧ ನಿಮಿಷ ಕಳೆದರೂ ಕಪ್ಪು. ನನ್ನ ಮುಖ ನೋಡಿ ಅವರೇ ಹೇಳಿದರು: "ಹೊಸ ಬೋರ್ಡು ಮೇಡಂ. ರ‍್ಯಾಮ್ ಪರಿಚಯ ಮಾಡ್ಕೊಳ್ತಿದೆ." ಮೊದಲ ಸಲ ಮಾತ್ರ ಹೀಗೆ ತಡವಾಗುತ್ತದೆ. ಆಮೇಲೆ ಬೆಳಕು ಬಂತು. ಹೊಸ ಬೋರ್ಡಿಗೆ ನನ್ನ ಮಷಿನ್‌ನ ಸೀರಿಯಲ್ ನಂಬರ್ ಬರೆದರು. ಇದು ತಪ್ಪಿದರೆ ಮುಂದೆ ವಾರಂಟಿಗೆ ಮಷಿನ್ನಿನ ಗುರುತೇ ಸಿಗುವುದಿಲ್ಲ. ಅವರು ಹೊಡೆದ ನಂಬರನ್ನೂ ಕೆಳಗಿನ ಮುಚ್ಚಳದ ನಂಬರನ್ನೂ ಒಂದೊಂದೇ ಅಕ್ಷರ ಓದಿ ಹೋಲಿಸಿದೆವು.

ಪರದೆಯ ಮೇಲಿನ ಕೀಬೋರ್ಡ್ ಪರೀಕ್ಷೆಯಲ್ಲಿ ನಾಲ್ಕು ಕೀಲಿ ಒತ್ತಿದರೂ ಹೊತ್ತಿಕೊಳ್ಳಲಿಲ್ಲ. ಅದರಲ್ಲಿ ಎಫ್ ಒಂದು. ನನಗೆ ಎದೆ ಝಲ್ಲೆಂದಿತು. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, ನುಡಿಯಲ್ಲಿ ಇರುವುದೂ ಅದೇ. ಅದರಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ಆ ಒಂದು ಕೀಲಿ ಇಲ್ಲದಿದ್ದರೆ ಅಕ್ಕ ಅಂತ ಬರೆಯಲು ಹೋದರೆ ಅಕಕ ಆಗುತ್ತದೆ. ಅವರಿಗೆ ಗಾಬರಿ ಇರಲಿಲ್ಲ. ಬೋರ್ಡ್ ಬದಲಿಸಿದ ಮೇಲೆ ಹೀಗೆ ಗುಂಪಾಗಿ ಹೋದರೆ, ಹೆಚ್ಚಾಗಿ ಪಟ್ಟಿಯ ಒಂದು ಗೆರೆ ಸರಿಯಾಗಿ ಕೂತಿರುವುದಿಲ್ಲ ಅಂದರು. ಮತ್ತೆ ಮುಚ್ಚಳ ತೆಗೆದು, ಬ್ಯಾಟರಿ ಬಿಚ್ಚಿ, ಪಟ್ಟಿ ಹೊರಗೆಳೆದು ನೇರ ಕೂರಿಸಿ ಬೀಗ ಹಾಕಿದರು. ನಾಲ್ಕೂ ಬಂದವು.

ನಾನು ಯೋಚಿಸದೇ ಇದ್ದ ಬೀಗ

ನನ್ನ ಡೆಬಿಯನ್ ಡಿಸ್ಕಿಗೆ ಎಲ್ಲ ತಯಾರಿ ಮಾಡಿದ್ದೆ. ಕಂಪನಿಯ ಹಳೆಯ ಎಸ್‌ಎಸ್‌ಡಿ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ವಿಂಡೋಸ್ ಶುರುವಾಗುವ ಬದಲು ನೀಲಿ ಪರದೆ ಬಂತು. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ರಿಕವರಿ ಕೀ ಕೊಡಿ ಅಂತ.

ನಾನು ಆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರಲಿಲ್ಲ. ಆದರೆ ಕೊಂಡ ಹೊಸತರಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದೆ. ಹಾಗೆ ಲಾಗಿನ್ ಆದಾಗ ಎಷ್ಟೋ ಮಷಿನ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ತಾನಾಗಿ ಶುರುವಾಗಿ, ಕೀ ಆ ಅಕೌಂಟಿನಲ್ಲಿ ಉಳಿಯುತ್ತದೆ. ದಿನವೂ ಬೀಗ ತೆಗೆಯುತ್ತಿದ್ದ ಟಿಪಿಎಂ ಈಗ ಹಳೆಯ ಬೋರ್ಡಿನ ಜೊತೆ ಡಬ್ಬಿ ಸೇರಿತ್ತು. ತಯಾರಿ ಮಾಡುವಾಗಲೇ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿದ್ದರೆ ಈ ಪರದೆ ಬರುತ್ತಲೇ ಇರಲಿಲ್ಲ.

ಫೋನಿನಲ್ಲಿ ಅಕೌಂಟ್ ತೆರೆಯಬೇಕು. ಪಾಸ್‌ವರ್ಡ್ ಮರೆತಿತ್ತು. ಒಟಿಪಿ ಬರಬೇಕು, ಮಳೆಗೆ ಸಿಗ್ನಲ್ ಇಲ್ಲ. ಕೊನೆಗೆ ಮಹಡಿಯ ಕಿಟಕಿಯ ಹತ್ತಿರ ಹೋಗಿ ನಿಂತೆ. ಒಟಿಪಿ ಬಂತು, ಕೀ ಸಿಕ್ಕಿತು. ಅದು 48 ಅಂಕೆಯದು, ಆರಾರು ಅಂಕೆಯ ಎಂಟು ಗುಂಪು. ನಾನು ಓದಿದೆ, ಅವರು ಹೊಡೆದರು. ಐದನೇ ಗುಂಪಿನಲ್ಲಿ ಒಂದು ಅಂಕೆ ತಪ್ಪಿದಾಗ ಪರದೆ ಅಲ್ಲೇ ಹಿಡಿಯಿತು. ಪ್ರತಿ ಗುಂಪೂ 11ರಿಂದ ಭಾಗವಾಗುವ ಹಾಗೆ ಮಾಡಿರುವುದರಿಂದ ತಪ್ಪು ತಕ್ಷಣ ಗೊತ್ತಾಗುತ್ತದೆ. ಈ ಲೆಕ್ಕ ಮಾಡಿಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಬಯಾಸ್, ಅಂದರೆ ಮಷಿನ್ ಆನ್ ಆದ ಕೂಡಲೇ ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ. ಹೊಸ ಬೋರ್ಡಿನಲ್ಲಿ ಹಳೆಯ ಆವೃತ್ತಿ ಇತ್ತು. ಅಪ್‌ಡೇಟ್ ಮಾಡಲು ಹೋದರೆ ಬ್ಯಾಟರಿ ಚಾರ್ಜ್ ಸಾಲದು ಅಂತ ಬಂತು. ಕಾಯುತ್ತಾ ಕೂತಿದ್ದಾಗ ಕರೆಂಟ್ ಹೋಯಿತು. ನಮ್ಮಲ್ಲಿ ಇನ್ವರ್ಟರ್ ಇದೆ, ಆದರೆ ಊಟದ ಟೇಬಲ್ ಪಕ್ಕದ ಪ್ಲಗ್ಗಿಗೆ ಅದರ ಲೈನ್ ಇಲ್ಲ. ಮಷಿನ್ ಎತ್ತಿಕೊಂಡು ಹಾಲ್‌ಗೆ ಹೋಗಿ ರೌಟರ್ ಪಕ್ಕ ಚುಚ್ಚಿದೆವು. ಅತ್ತೆ ಅಷ್ಟರಲ್ಲಿ ಹಲಸಿನ ಹಪ್ಪಳ ಕರಿದು, ಕಾಫಿ ತಂದರು. ಹಪ್ಪಳ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಬೇಕಾದಷ್ಟು ತುಂಬಿತು. ಬಯಾಸ್ ಬರೆಯುವ ಆ ಕೆಲವು ನಿಮಿಷ ಯಾರೂ ಟೇಬಲ್ ಮುಟ್ಟಲಿಲ್ಲ. ಬ್ಯಾಟರಿ, ಇನ್ವರ್ಟರ್ ಎರಡೂ ಇದ್ದದ್ದರಿಂದ ಧೈರ್ಯ ಇತ್ತು.

ಎರಡೂ ಮಗ್ಗುಲಲ್ಲಿ ಮೀಟರ್ 20 ವೋಲ್ಟ್ ತೋರಿಸಿತು. ಅವರು ಹಳೆಯ ಬೋರ್ಡನ್ನು ಅದೇ ಡಬ್ಬಿಯಲ್ಲಿ, ಅದೇ ಎರಡು ಚೀಲದಲ್ಲಿ ಸುತ್ತಿಕೊಂಡರು. ಸಹಿ ಹಾಕಿದೆ. ಮಧ್ಯಾಹ್ನ ಎರಡಕ್ಕೆ ಮಳೆ ಸ್ವಲ್ಪ ಬಿಟ್ಟಾಗ ಹೊರಟರು. ಹೊರಡುವಾಗ, "ಮೇಡಂ, ನಿಮ್ಮ ಡಿಸ್ಕ್ ಹಾಕಿದ್ಮೇಲೆ ಬೂಟ್ ಆಗದಿದ್ರೆ ಗಾಬರಿ ಆಗ್ಬೇಡಿ. ಬೋರ್ಡಿಗೆ ಅದರ ದಾರಿ ಗೊತ್ತಿರಲ್ಲ" ಅಂದರು.

ಶುಕ್ರವಾರ ರಾತ್ರಿ: ಮತ್ತೆ ನನ್ನದು

ಅವರು ಹೇಳಿದ ಹಾಗೇ ಆಯಿತು. ನನ್ನ ರ‍್ಯಾಮ್, ಡಿಸ್ಕ್ ಹಾಕಿದೆ. ಬೂಟ್ ಮಾಡಲು ಡಿಸ್ಕ್ ಇಲ್ಲ ಅಂತ ಬಂತು. ಡೆಬಿಯನ್ ಎಲ್ಲಿಂದ ಶುರುವಾಗಬೇಕು ಅನ್ನುವ ವಿಳಾಸ ಹಳೆಯ ಬೋರ್ಡಿನ ನೆನಪಿನಲ್ಲಿ ಇತ್ತು, ಬೋರ್ಡ್ ಜೊತೆ ಹೋಯಿತು. ಬಯಾಸ್ ಒಳಗೆ ಹೋಗಿ ಹೊಸ ಬೂಟ್ ಆಯ್ಕೆ ಸೇರಿಸುವ ಜಾಗದಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಡೆಬಿಯನ್ ಫೋಲ್ಡರ್, ಅದರೊಳಗಿನ ಶಿಮ್ ಫೈಲ್ ತೋರಿಸಿದೆ. ಬೋರ್ಡ್ ನಂಬುವ ಸಹಿ ಇದ್ದರಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದಾಗ, ಡೆಬಿಯನ್ ಶುರು ಮಾಡುವ ಗ್ರಬ್ ಫೈಲನ್ನು ನೇರವಾಗಿ ತೋರಿಸಬಾರದು, ಶಿಮ್ ಮೂಲಕವೇ ಹೋಗಬೇಕು. ಬಯಾಸ್ ಸೇವ್ ಮಾಡಿ ಹೊರಬಂದೆ, ಗ್ರಬ್ ಬಂತು.

ಪಾಸ್‌ಫ್ರೇಸ್ ಕೇಳಿತು. ಕೊಟ್ಟೆ, ತೆರೆಯಿತು. ಒಳಗೆ ಹೋದ ಮೇಲೆ, ಡಿಸ್ಕಿನ ಬೀಗವನ್ನು ಚಿಪ್ಪಿಗೆ ಕಟ್ಟುವ ಕ್ಲೆವಿಸ್‌ನಿಂದ ಹಳೆಯ ಟಿಪಿಎಂ ಬಂಧ ಬಿಡಿಸಿ, ಹೊಸ ಚಿಪ್ಪಿಗೆ ಕಟ್ಟಿದೆ. ಬಿಡಿಸುವಾಗ ಹೆಡರಿನ ಯಾವ ಸ್ಲಾಟ್ (ಒಂದೊಂದು ಕೀಗೆ ಇರುವ ಜಾಗ) ಅಂತ ಎರಡು ಸಲ ನೋಡಬೇಕು. ಪಾಸ್‌ಫ್ರೇಸ್ ಇರುವ ಸ್ಲಾಟನ್ನೇ ಅಳಿಸಿದರೆ ಕೈಯಲ್ಲಿದ್ದ ಬಾಗಿಲೂ ಮುಚ್ಚುತ್ತದೆ.

ವರ್ಚುವಲ್‌ಬಾಕ್ಸ್ ಮಾತ್ರ ಏಳಲಿಲ್ಲ. ಡೆಬಿಯನ್ನಿನ ತಿರುಳಿಗೆ ಸೇರಿಕೊಳ್ಳುವ ಅದರ ಕರ್ನಲ್ ಮಾಡ್ಯೂಲಿಗೆ ನಾನೇ ಮಾಡಿಕೊಂಡ ಸಹಿ ಇದೆ. ಆ ಸಹಿಯನ್ನು ಒಪ್ಪಿಕೊಳ್ಳಿ ಅಂತ ಹಳೆಯ ಬೋರ್ಡಿಗೆ ಹೇಳಿಕೊಟ್ಟಿದ್ದೆ, ಹೊಸದಕ್ಕೆ ಗೊತ್ತಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಒಂದೇ ಕ್ಷಣದ ಕೆಲಸ, ಆದರೆ ನನಗೆ ಅದು ಬೇಡ ಅನ್ನಿಸಿತು. ಮೋಕ್ ಯುಟಿಲ್ ಅನ್ನುವ ಕಮಾಂಡಿನಿಂದ ಸಹಿಯ ಸರ್ಟಿಫಿಕೇಟನ್ನು ಮತ್ತೆ ಕೊಟ್ಟೆ, ಒಂದು ಸಲಕ್ಕೆ ಸಾಕಾಗುವ ಪಾಸ್‌ವರ್ಡ್ ಇಟ್ಟೆ. ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಅದೇ ಪಾಸ್‌ವರ್ಡ್ ಕೊಟ್ಟು ಸೇರಿಸಿದೆ. ಈ ಪರದೆ ಕೆಲವೇ ಸೆಕೆಂಡ್ ಕಾಯುತ್ತದೆ. ಆಗ ಎದ್ದು ಹೋಗಿದ್ದರೆ ಮೊದಲಿನಿಂದ ಮಾಡಬೇಕಿತ್ತು.

ರಾತ್ರಿ ಒಂಬತ್ತೂ ಕಾಲಿಗೆ ವರ್ಚುವಲ್‌ಬಾಕ್ಸ್ ಒಳಗೆ ವಿಂಡೋಸ್ ಎದ್ದಿತು. ಪೇಜ್‌ಮೇಕರ್ ತೆರೆದೆ. 240 ಪುಟದ ಪುಸ್ತಕ, ಸೋಮವಾರ 161ನೇ ಪುಟದ ನಡುವೆ ಬಿಟ್ಟಿದ್ದೆ. ಬಟ್ಟೆ ಚೂರುಗಳನ್ನು ತೆಗೆದು ಇಡ್ಲಿ ತಟ್ಟೆಯನ್ನು ಅತ್ತೆಗೆ ವಾಪಸ್ ಕೊಟ್ಟು, ಅಲ್ಲಿಂದ ಮುಂದುವರಿಸಿದೆ.